ಆರ್ಮರ್ಡ್ ಕೋರ್: ಗ್ಯಾರೇಜಿನಲ್ಲೇ ಶುರುವಾಗುವ ಯುದ್ಧ



ವಿಡಿಯೋ ಗೇಮ್ ಕುರಿತು ದತ್ತಿ ಉಪನ್ಯಾಸವೇ ಎಂದು ಯಾರಿಗಾದರೂ ಅಚ್ಚರಿಯಾಗಿದ್ದರೆ ಅದು ಸಹಜ. ಆದರೂ ಸಂಘಟಕರು ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ. ಇವತ್ತು ನಾನು ಒಂದೇ ಒಂದು ಸರಣಿಯನ್ನು ಹಿಡಿದು ಮಾತಾಡುತ್ತೇನೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 1997ರಿಂದ ಕಟ್ಟುತ್ತ ಬಂದಿರುವ ‘ಆರ್ಮರ್ಡ್ ಕೋರ್’ ಅದು. ದೈತ್ಯ ರೋಬೋಟುಗಳು ಪರಸ್ಪರ ಕಾದಾಡುವ ಆಟ.

1980ರ ದಶಕದಲ್ಲಿ ದೂರದರ್ಶನ ನೋಡುತ್ತ ಬೆಳೆದವರಿಗೆ ‘ಜೈಂಟ್ ರೋಬೋಟ್’ ನೆನಪಿದ್ದೀತು. ಜಾನಿ ಸೊಕ್ಕೊ ಎಂಬ ಹುಡುಗ ತನ್ನ ಕೈಗಡಿಯಾರಕ್ಕೆ ಬಾಯಿಟ್ಟು ಆಜ್ಞೆ ಕೊಡುತ್ತಿದ್ದ, ಮುಗಿಲೆತ್ತರದ ಯಂತ್ರ ಹಾರಿ ಬರುತ್ತಿತ್ತು. ಆ ಧಾರಾವಾಹಿಯ ಮೂಲ ಮಿತ್ಸುತೆರು ಯೊಕೊಯಾಮಾ ಅವರ ಕಾಮಿಕ್ಸ್ ಕಥೆ. ಅದೇ ಯೊಕೊಯಾಮಾ 1956ರಲ್ಲೇ ‘ತೆತ್ಸುಜಿನ್ 28’ ಶುರುಮಾಡಿದ್ದರು. ಅಲ್ಲೂ ಹುಡುಗ ಹೊರಗೆ ನಿಂತು ರಿಮೋಟಿನಿಂದ ಯಂತ್ರವನ್ನು ಆಡಿಸುತ್ತಿದ್ದ. 1972ರಲ್ಲಿ ಗೋ ನಾಗಾಯ್ ತಮ್ಮ ‘ಮಾಜಿಂಗರ್ ಝಡ್’ನಲ್ಲಿ ಹುಡುಗನನ್ನು ಯಂತ್ರದ ತಲೆಯೊಳಕ್ಕೇ ಹತ್ತಿಸಿ ಕೂರಿಸಿದರು. 1979ರಲ್ಲಿ ಯೊಶಿಯುಕಿ ತೊಮಿನೊ ಅವರ ‘ಮೊಬೈಲ್ ಸೂಟ್ ಗಂಡಮ್’ ಬಂದ ಮೇಲೆ ರೋಬೋಟಿನ ದೈವತ್ವವೇ ಹೋಯಿತು. ಅದು ಕಾರ್ಖಾನೆಯಲ್ಲಿ ತಯಾರಾಗಿ, ಯುದ್ಧದಲ್ಲಿ ಜಖಂ ಆಗಿ, ರಿಪೇರಿಗೆ ಕಾಯುವ ಸೈನ್ಯದ ಸಾಮಾನಾಯಿತು. ಆರ್ಮರ್ಡ್ ಕೋರ್ ಈ ಮೂರನೆಯ ಪರಂಪರೆಗೆ ಸೇರಿದ್ದು. ಅದರ ಯಂತ್ರಗಳಿಗೆ ರೂಪ ಕೊಡಲು ಕರೆದದ್ದು ಶೋಜಿ ಕವಾಮೊರಿ ಅವರನ್ನು; ‘ಮ್ಯಾಕ್ರಾಸ್’ನಲ್ಲಿ ವಿಮಾನವೇ ರೋಬೋಟಾಗಿ ಮಡಚಿಕೊಳ್ಳುವ ವಿನ್ಯಾಸ ಮಾಡಿದವರು, ಲೆಗೊ ತುಂಡುಗಳನ್ನು ಜೋಡಿಸಿ ಮಾದರಿ ಮಾಡಿ ನೋಡುವ ಅಭ್ಯಾಸದವರು.

ಈ ಸರಣಿಯ ಜೀವ ಇರುವುದು ಕಾಳಗದಲ್ಲಲ್ಲ, ಕಾಳಗಕ್ಕೆ ಮುಂಚಿನ ಗ್ಯಾರೇಜಿನಲ್ಲಿ ಎಂಬುದು ನನ್ನ ವಾದ. ಕಾಲು ಶತಮಾನದಲ್ಲಿ ಬಂದ ಒಂದೊಂದು ಆವೃತ್ತಿಯೂ ಆ ಗ್ಯಾರೇಜಿಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದೆ.

1997ರ ಜುಲೈಯಲ್ಲಿ ಪ್ಲೇಸ್ಟೇಷನ್‌ಗೆ ಬಂದ ಮೊದಲ ಆಟವನ್ನೇ ನೋಡಿ. ಮಹಾವಿನಾಶದ ನಂತರ ಮನುಷ್ಯರು ನೆಲದಡಿಯ ನಗರಗಳಲ್ಲಿ ಬದುಕಿದ್ದಾರೆ. ಸರ್ಕಾರವೆಂಬುದಿಲ್ಲ, ಕ್ರೋಮ್, ಮುರಕುಮೊ ಎಂಬ ಎರಡು ಕಂಪನಿಗಳ ಪೈಪೋಟಿಯೇ ರಾಜಕೀಯ. ಆಡುವವರು ರೇವನ್ ಎಂದು ಕರೆಸಿಕೊಳ್ಳುವ ಬಾಡಿಗೆ ಯೋಧರು. ಇವತ್ತು ಇವರ ಕೆಲಸ, ನಾಳೆ ಅವರ ಕೆಲಸ. ತಲೆ, ಕೋರ್ ಎನ್ನುವ ಎದೆಭಾಗ, ತೋಳು, ಕಾಲು, ಜನರೇಟರ್, ಬೂಸ್ಟರ್, ಗುರಿ ಹಿಡಿಯುವ ಯಂತ್ರ, ಬಂದೂಕು, ಕ್ಷಿಪಣಿ, ಹೀಗೆ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಮ್ಮ ಯಂತ್ರವನ್ನು ತಾವೇ ಜೋಡಿಸಿಕೊಳ್ಳಬೇಕು.

ಜೋಡಣೆಗೆ ಕಟ್ಟುನಿಟ್ಟಿನ ಲೆಕ್ಕವಿದೆ. ಕಾಲುಗಳು ಹೊರುವಷ್ಟೇ ತೂಕ. ಜನರೇಟರ್ ಕೊಡುವಷ್ಟೇ ಶಕ್ತಿ. ದಪ್ಪ ಕವಚ ತೊಡಿಸಿದರೆ ವೇಗ ಹೋಯಿತು. ಹಗುರ ಮಾಡಿದರೆ ನಾಲ್ಕು ಏಟಿಗೆ ಕಥೆ ಮುಗಿಯಿತು. ಹಾರುತ್ತಲೇ ಇದ್ದು ಶಕ್ತಿಯ ಪಟ್ಟಿ ಬರಿದಾದರೆ ಮತ್ತೆ ತುಂಬುವವರೆಗೆ ಬೂಸ್ಟರ್ ಇಲ್ಲ, ಶತ್ರುವಿನ ಮುಂದೆ ನೆಲದ ಮೇಲೆ ನಡೆದಾಡಬೇಕು. ಎರಡು ಕಾಲಿನ ಯಂತ್ರದ ಬೆನ್ನಿಗೆ ಭಾರಿ ಫಿರಂಗಿ ಹೇರಿದರೆ ಮಂಡಿಯೂರಿ ನಿಂತು ಹೊಡೆಯಬೇಕು, ಆ ಹೊತ್ತಿನಲ್ಲಿ ಅದು ಕದಲಲಾಗದ ಗುರಿ. ನಾಲ್ಕು ಕಾಲಿನದು ಅಥವಾ ಟ್ಯಾಂಕ್ ಕಾಲಿನದು ಓಡುತ್ತಲೇ ಹೊಡೆಯಬಲ್ಲದು, ಆದರೆ ಅದರ ಕಷ್ಟಗಳೇ ಬೇರೆ. ಮದುವೆಮನೆಯ ಖರ್ಚು ಹೊಂದಿಸುವವರ ಹಾಗೆ ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆಗೆ ಹಾಕುತ್ತ ಕೂರಬೇಕು. ಇಬ್ಬರು ಆಟಗಾರರ ಯಂತ್ರ ಒಂದೇ ಥರ ಇರುವುದು ಅಪರೂಪ. ಏನನ್ನು ಬಿಟ್ಟುಕೊಟ್ಟರು ಎಂಬುದರಿಂದಲೇ ಅವರ ಸ್ವಭಾವ ತಿಳಿಯುತ್ತದೆ.

ಎರಡನೆಯ ಲೆಕ್ಕ ದುಡ್ಡಿನದು. ಗೆದ್ದು ಬಂದ ಮೇಲೆ ತೆರೆಯ ಮೇಲೆ ಮೂಡುವುದು ಜಯಘೋಷವಲ್ಲ, ಬಿಲ್ಲು. ಕೂಲಿ ಇಷ್ಟು, ಅದರಲ್ಲಿ ಹಾರಿಸಿದ ಗುಂಡಿಗೆ ಇಷ್ಟು, ರಿಪೇರಿಗೆ ಇಷ್ಟು ಕಡಿತ. ಎಡವಟ್ಟಾಗಿ ಕಾದಾಡಿದರೆ ಗೆದ್ದೂ ನಷ್ಟ. ಸಾಲ 50,000 ದಾಟಿತೆಂದರೆ ಒಂದು ಭಯಂಕರ ಘಟನೆ ನಡೆಯುತ್ತದೆ: ಸಾಲಗಾರ ರೇವನ್‌ನ ದೇಹವನ್ನು ‘ಹ್ಯೂಮನ್ ಪ್ಲಸ್’ ಎಂಬ ಪ್ರಯೋಗಕ್ಕೆ ಒಪ್ಪಿಸಲಾಗುತ್ತದೆ, ಆಟ ಮೊದಲಿನಿಂದ ಶುರುವಾಗುತ್ತದೆ. ಈ ಸಲ ಅವನಿಗೆ ಹೊಸ ಶಕ್ತಿಗಳಿವೆ. ಮಂಡಿಯೂರದೆಯೇ ಫಿರಂಗಿ ಹಾರಿಸಬಲ್ಲ. ಎಷ್ಟೋ ಆಟಗಾರರು ಇದನ್ನು ಸುಲಭ ಮಾಡುವ ಉಪಾಯವೆಂದು ಬಳಸಿಕೊಂಡರು. ನನಗೆ ಮಾತ್ರ ಸರಣಿಯ ಅತ್ಯಂತ ಕರಾಳ ಕಲ್ಪನೆ ಇದೇ ಅನ್ನಿಸುತ್ತದೆ. ಸಂಭಾಷಣೆ ಇಲ್ಲ, ಕಣ್ಣೀರಿಲ್ಲ. ಲೆಕ್ಕದ ಪುಸ್ತಕವೇ ಒಬ್ಬ ಮನುಷ್ಯನನ್ನು ಯಂತ್ರದ ಭಾಗವಾಗಿಸುತ್ತದೆ. ಆಟವೆಂಬ ಮಾಧ್ಯಮಕ್ಕೆ ಮಾತ್ರ ಸಾಧ್ಯವಾದ ಕಥನ ಅದು. ಓದಿ ತಿಳಿಯುವುದು ಬೇರೆ, ನಾವೇ ಮಾಡಿದ ಸಾಲದಿಂದ ಅಲ್ಲಿಗೆ ತಲುಪುವುದು ಬೇರೆ.

ಮುಂದಿನ ಕೆಲವು ವರ್ಷಗಳನ್ನು ಬೇಗ ದಾಟುತ್ತೇನೆ. 2000ದಲ್ಲಿ ಎರಡನೆಯ ಆಟ ಪ್ಲೇಸ್ಟೇಷನ್ 2ಕ್ಕೆ ಬಂದು ಕಥೆಯನ್ನು ಮಂಗಳ ಗ್ರಹಕ್ಕೆ ಒಯ್ದಿತು. 2002ರ ಮೂರನೆಯದು ಮತ್ತೆ ನೆಲದಡಿಗೆ ಇಳಿದು, ಕಂಪ್ಯೂಟರೊಂದು ಆಳುವ ನಗರವನ್ನು ತೋರಿಸಿತು. ಎರಡೂ ಗಟ್ಟಿ ಆಟಗಳೇ. ಆದರೆ ಹೊಸ ದಾರಿ ಹುಡುಕಿದವಲ್ಲ.

2004 ಮುಖ್ಯ ವರ್ಷ. ಅಲ್ಲಿಯವರೆಗೆ ಕಂಟ್ರೋಲರಿನ ಮೇಲಂಚಿನ ಗುಂಡಿಗಳನ್ನು ಒತ್ತಿ ತಲೆ ಎತ್ತುವುದು, ತಗ್ಗಿಸುವುದು, ಪಕ್ಕಕ್ಕೆ ಸರಿಯುವುದು ನಡೆದಿತ್ತು. ಬೆರಳುಗಳನ್ನು ಏಡಿಯ ಕೊಂಡಿಯಂತೆ ಮಡಚಿ ಆಡುವುದನ್ನು ಜನ ರೂಢಿಸಿಕೊಂಡಿದ್ದರು. ಆ ವರ್ಷದ ‘ನೆಕ್ಸಸ್’ ಆವೃತ್ತಿ ಎರಡು ಅನಲಾಗ್ ಕಡ್ಡಿಗಳಲ್ಲಿ ಯಂತ್ರ ನಡೆಸುವುದನ್ನು ತಂದಿತು. ಜೊತೆಗೆ ಬೂಸ್ಟರ್ ಉರಿಸಿದಷ್ಟೂ ಯಂತ್ರ ಕಾಯುವ ನಿಯಮವೂ ಬಂತು. ಅದು ಹಳೆಯ ಆಟಗಾರರನ್ನು ಕೆರಳಿಸಿತು, ಅವರ ಸಿಟ್ಟು ನ್ಯಾಯವಾಗಿಯೇ ಇತ್ತು: ತೂಕದ ಲೆಕ್ಕ ಆಯ್ಕೆಯನ್ನು ಹೆಚ್ಚಿಸುತ್ತಿತ್ತು, ಕಾವಿನ ಲೆಕ್ಕ ಆಯ್ಕೆಯನ್ನೇ ಕಿತ್ತುಕೊಂಡಿತು. ಅದೇ ವರ್ಷದ ಕೊನೆಗೆ, ಪಿಎಸ್‌ಪಿ ಎಂಬ ಕೈಯಂತ್ರ ಜಪಾನಿನಲ್ಲಿ ಬಿಡುಗಡೆಯಾದಾಗ ‘ಫಾರ್ಮುಲಾ ಫ್ರಂಟ್’ ಬಂತು. ಅದರ ಮೂಲ ಜಪಾನಿ ಆವೃತ್ತಿಯಲ್ಲಿ ಆಟಗಾರ ಕಾಳಗದಲ್ಲಿ ಗುಂಡಿಯನ್ನೇ ಒತ್ತುವುದಿಲ್ಲ. ಯಂತ್ರ ಜೋಡಿಸಿ, ಅದು ಹೇಗೆ ಯೋಚಿಸಬೇಕೆಂದು ಕಲಿಸಿ, ಕಣಕ್ಕೆ ಬಿಟ್ಟು ನೋಡುತ್ತ ಕೂರುವುದಷ್ಟೇ. ಗ್ಯಾರೇಜ್ ಒಂದೇ ಉಳಿದ ಆಟ! ಹೊರದೇಶದ ಆವೃತ್ತಿಗೆ ಬರುವಾಗ ಕೈಯಾರೆ ನಡೆಸುವ ಅವಕಾಶ ಸೇರಿಸಿದರು. ನನಗೆ ಮೂಲದ ಧೈರ್ಯವೇ ದೊಡ್ಡದೆನಿಸುತ್ತದೆ.

ಆ ಹೊತ್ತಿಗೆ ಕಂಪನಿಗೆ ಹಿದೆತಾಕ ಮಿಯಾಝಾಕಿ ಸೇರಿದ್ದರು. ಬೇರೊಂದು ಐಟಿ ಕಂಪನಿಯ ಕೆಲಸ ಬಿಟ್ಟು, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಬಂದವರು. 2005ರ ‘ಲಾಸ್ಟ್ ರೇವನ್’ನಲ್ಲಿ ದುಡಿದು, 2006ರ ‘ಆರ್ಮರ್ಡ್ ಕೋರ್ 4’ ಮತ್ತು 2008ರ ‘ಫಾರ್ ಆನ್ಸರ್’ ಎರಡನ್ನೂ ನಿರ್ದೇಶಿಸಿದರು. ಯಂತ್ರ ಒಮ್ಮೆಲೇ ಮಿಂಚಿನಂತಾಯಿತು. ಒಂದು ಒತ್ತಿಗೆ ಪಕ್ಕಕ್ಕೆ ಚಿಮ್ಮುವ ಕ್ವಿಕ್ ಬೂಸ್ಟ್, ಸುತ್ತ ಆವರಿಸುವ ಕೊಜಿಮಾ ಕಣಗಳ ರಕ್ಷಾಕವಚ. ಆ ಕಣಗಳು ಭೂಮಿಯನ್ನು ವಿಷವಾಗಿಸುತ್ತವೆ. ನಾವು ಎಷ್ಟು ಶಕ್ತಿಶಾಲಿಯೋ ಕೆಳಗಿನ ನೆಲ ಅಷ್ಟು ಬರಡು. ‘ಫಾರ್ ಆನ್ಸರ್’ನಲ್ಲಿ ಒಂದು ದಾರಿ ಹಿಡಿದರೆ, ಆಕಾಶದಲ್ಲಿ ತೇಲುವ ವಸತಿಗಳನ್ನು ಉರುಳಿಸಿ 10 ಕೋಟಿ ಜನರನ್ನು ಕೊಲ್ಲುವ ಕೆಲಸವೂ ಇನ್ನೊಂದು ಗುತ್ತಿಗೆಯಾಗಿಯೇ ಬರುತ್ತದೆ. ಲೆಕ್ಕದ ಪುಸ್ತಕದ ತರ್ಕ ಅಲ್ಲಿ ತುದಿ ಮುಟ್ಟುತ್ತದೆ. ಆದರೆ ಒಂದು ನಷ್ಟವೂ ಆಯಿತು. ಎಲ್ಲ ಯಂತ್ರಗಳೂ ಹಾರುವ ಹಕ್ಕಿಗಳಾದ ಮೇಲೆ ಕಬ್ಬಿಣದ ಭಾರ ಕೈಗೆ ತಾಗದೆ ಹೋಯಿತು.

2012ರ ಐದನೆಯ ಆಟ ಅದಕ್ಕೆ ಪ್ರತಿಯಾಗಿ ಎಲ್ಲವನ್ನೂ ನೆಲಕ್ಕಿಳಿಸಿತು. ಯಂತ್ರ ಕುಳ್ಳಾಯಿತು, ನಡೆ ಭಾರವಾಯಿತು, ಕಟ್ಟಡದ ಗೋಡೆಗಳನ್ನು ಒದ್ದುಕೊಂಡು ಮೇಲೇರಬೇಕಾಯಿತು. ಆನ್‌ಲೈನ್‌ನಲ್ಲಿ ತಂಡ ಕಟ್ಟಿ ಪ್ರದೇಶಗಳಿಗಾಗಿ ಹೋರಾಡುವುದೇ ತಿರುಳು. ತಂಡದ ಒಬ್ಬರು ಕಾದಾಡದೆ ನಕ್ಷೆ ನೋಡುತ್ತ ನಿರ್ದೇಶನ ಕೊಡಬಹುದಿತ್ತು. ಸುಂದರ ಯೋಚನೆ. ಆದರೆ ಅದಕ್ಕೆ ಜನ ಬೇಕು, ಸರ್ವರ್ ಬೇಕು. ಸರ್ವರ್‌ಗಳು ಈಗ ಮುಚ್ಚಿವೆ, ಆಟದ ಅರ್ಧ ಜೀವ ಅವುಗಳ ಜೊತೆಗೇ ಹೋಯಿತು.

2013ರ ‘ವರ್ಡಿಕ್ಟ್ ಡೇ’ ನಂತರ ಹತ್ತು ವರ್ಷ ಮೌನ. ಅದು ಮುಗಿಯುವಷ್ಟರಲ್ಲಿ ಮಿಯಾಝಾಕಿ ‘ಡಾರ್ಕ್ ಸೋಲ್ಸ್’ನಿಂದ ‘ಎಲ್ಡನ್ ರಿಂಗ್’ವರೆಗಿನ ಆಟಗಳ ದಾರಿಯಲ್ಲಿ ಲೋಕಪ್ರಸಿದ್ಧರಾದರು. ಆ ಯಶಸ್ಸಿನ ಬೆನ್ನಿಗೇ 2023ರ ಆಗಸ್ಟ್ 25ರಂದು ‘ಆರ್ಮರ್ಡ್ ಕೋರ್ 6: ಫೈರ್ಸ್ ಆಫ್ ರೂಬಿಕಾನ್’ ಬಂತು. ನಿರ್ದೇಶಕರು ಮಸಾರು ಯಮಾಮುರಾ, ‘ಸೆಕಿರೊ’ದ ಆಟವಿನ್ಯಾಸದಲ್ಲಿ ಮುಂಚೂಣಿಯಲ್ಲಿದ್ದವರು. ಎದುರಾಳಿಯ ಮೇಲೆ ಎಡೆಬಿಡದೆ ಒತ್ತಡ ಹೇರಿ ಅವನ ಸಮತೋಲ ತಪ್ಪಿಸುವ ಹೊಸ ನಿಯಮದಲ್ಲಿ ಆ ಅನುಭವ ಕಾಣುತ್ತದೆ.

ಇಲ್ಲಿ ಗ್ಯಾರೇಜಿಗೆ ಸಿಕ್ಕಿರುವ ಸ್ಥಾನ ನೋಡಿ. ಬಾಲ್ಟಿಯಸ್ ಎಂಬ ಭೀಕರ ಯಂತ್ರ ನಮ್ಮನ್ನು ಪುಡಿಮಾಡಿದರೆ, ಅಲ್ಲಿಂದಲೇ ಬಿಡಿಭಾಗ ಬದಲಿಸಿಕೊಂಡು ಮತ್ತೆ ಎದುರಿಸಬಹುದು. ಕೊಂಡ ಭಾಗವನ್ನು ಕೊಂಡ ಬೆಲೆಗೇ ಮಾರಬಹುದು. ಲೆಕ್ಕ ಸಡಿಲವಾಯಿತು, ಮೊದಲಿನ ಕಠೋರತೆ ಹೋಯಿತು ಎಂಬ ಆಕ್ಷೇಪವಿದೆ. ನಾನು ಒಪ್ಪುವುದಿಲ್ಲ. ಸೋಲನ್ನು ದಂಡವಾಗಿಸದೆ ವಿನ್ಯಾಸದ ಪಾಠವಾಗಿಸಿದ್ದರಿಂದಲೇ ಹೊಸಬರು ಧೈರ್ಯವಾಗಿ ಪ್ರಯೋಗ ಮಾಡಿದರು. ಕಠೋರತೆ ಕಥೆಯೊಳಕ್ಕೆ ಸರಿಯಿತು. ನಾಯಕನಿಗೆ ಹೆಸರಿಲ್ಲ, 621 ಎಂಬ ಅಂಕಿ ಮಾತ್ರ. ಅವನ ದೇಹವನ್ನು ಆಗಲೇ ಮಾರ್ಪಡಿಸಿಯಾಗಿದೆ. ರೇವನ್ ಎಂಬ ಹೆಸರೂ ಹಾಳಾದ ಯಂತ್ರವೊಂದರಿಂದ ಕದ್ದ ಪರವಾನಗಿಯದು. ಅವನನ್ನು ನಡೆಸುವ ವಾಲ್ಟರ್ ಆಸೆ ಹುಟ್ಟಿಸುವುದು ಒಂದೇ: ಸಾಕಷ್ಟು ದುಡಿ, ನಿನ್ನ ಬದುಕನ್ನು ನೀನೇ ಕೊಂಡುಕೋ. 1997ರ ಸಾಲಗಾರ ರೇವನ್‌ನನ್ನು ಬಲ್ಲವರಿಗೆ ಈ ಮಾತು ಎಲ್ಲಿ ಚುಚ್ಚುತ್ತದೆಂದು ಹೇಳಬೇಕಿಲ್ಲ. ಮೂರನೆಯ ಅಂತ್ಯ ಕಾಣಬೇಕಾದರೆ ಮೊದಲ ಎರಡನ್ನೂ ಮುಗಿಸಿ ಮತ್ತೆ ಆಡಬೇಕು. ಅಷ್ಟರಲ್ಲಿ ಅದೇ ಗುತ್ತಿಗೆಗಳ ಇನ್ನೊಂದು ಮುಖ ಕಾಣಿಸಿಕೊಂಡಿರುತ್ತದೆ.

ಸರಣಿಯಲ್ಲಿ ನನ್ನ ಪ್ರಕಾರ ಶ್ರೇಷ್ಠವಾದದ್ದು ಈ ಆರನೆಯದೇ. ಅತ್ಯಂತ ಸ್ವೋಪಜ್ಞವಾದದ್ದು ಮೊದಲನೆಯದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಆರನೆಯ ಆಟ ಇವತ್ತಿನ ಕಂಪ್ಯೂಟರಿನಲ್ಲಿ ಸಿಗುತ್ತದೆ, ಅಲ್ಲಿಂದ ಶುರುಮಾಡಿ. ಹಳೆಯವು ಬಹುಪಾಲು ಹಳೆಯ ಡಿಸ್ಕುಗಳಲ್ಲಿ, ಹಳೆಯ ಯಂತ್ರಗಳಲ್ಲಿ ಉಳಿದಿವೆ. ಸಿಕ್ಕರೆ ಬಿಡಬೇಡಿ, ಎಸೆಯಬೇಡಿ. ಆಡಿದ ಮೇಲೆ ನಿಮ್ಮ ಯಂತ್ರವನ್ನು ಹೇಗೆ ಕಟ್ಟಿದಿರಿ, ಯಾಕೆ ಹಾಗೆ ಕಟ್ಟಿದಿರಿ ಎಂಬುದನ್ನು ಕನ್ನಡದಲ್ಲಿ ಬರೆಯಿರಿ.