ಸೋತವರ ಪಾಳೆಯ

ಆಸ್ಟ್ರೇಲಿಯಾ ದೇಶದ ಮೆಲ್ಬೋರ್ನ್ ನಗರದ ಕ್ರಿಕೆಟ್ ಮೈದಾನ ನಮಗೆ ಅಪರಿಚಿತವಾದುದಲ್ಲ. 1977ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಮೊದಲಾಗಿ ಹೊಸ ವರ್ಷದೊಳಕ್ಕೆ ಸಾಗಿದ ಒಂದು ಟೆಸ್ಟ್ ಪಂದ್ಯದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರರು ಎರಡು ಸರದಿಗಳಲ್ಲಿಯೂ ಆರಾರು ವಿಕೆಟ್ಟುಗಳನ್ನು ಕಿತ್ತು, ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ವಿಜಯವನ್ನು ದೊರಕಿಸಿಕೊಟ್ಟದ್ದು ಆ ಮೈದಾನದಲ್ಲಿಯೇ. ಆದರೆ ಬೇಸಗೆ ಕಳೆದು ಚಳಿ ಅಡಿಯಿಟ್ಟಿತೆಂದರೆ ಅಲ್ಲಿಂದ ವಿಕೆಟ್ಟುಗಳು ಮರೆಯಾಗಿ, ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಎತ್ತರದ ಕಂಬಗಳು ನಿಲ್ಲುತ್ತವೆ; ಆ ಊರಿನ ಜನ ತಮ್ಮ ಹೃದಯವನ್ನು ನಿಜವಾಗಿ ಒತ್ತೆಯಿಟ್ಟಿರುವ ಆಟ ಆಗ ಆರಂಭವಾಗುತ್ತದೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂದು ಅದರ ಹೆಸರು. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗನು, ಬೇಸಗೆಯ ಆಟಗಾರರು ಚಳಿಗಾಲದಲ್ಲಿ ಮೈ ಜಡವಾಗಿ ಕೂರದಂತೆ ಕಾಲ್ಚೆಂಡಿನ ಒಂದು ಕೂಟವನ್ನು ಕಟ್ಟಬೇಕೆಂದು ಪತ್ರಿಕೆಗೆ ಬರೆದ ಕಾಗದವೂ, ಮರುವರ್ಷ ಅವನೂ ಅವನ ಕೆಲವು ಸಂಗಡಿಗರೂ ಕೂಡಿ ಬರೆದಿಟ್ಟ ನಿಯಮಗಳೂ ಅದಕ್ಕೆ ಮೂಲ. ಪಕ್ಷಕ್ಕೆ ಹದಿನೆಂಟು ಜನ, ಅಂಡಾಕಾರದ ಚೆಂಡು, ಅದನ್ನು ನಡುವಣ ಎರಡು ಕಂಬಗಳ ನಡುವೆ ಒದ್ದರೆ ಗೋಲು, ಅದಕ್ಕೆ ಆರು ಅಂಕ, ಪಕ್ಕದ ಸಂದಿನಲ್ಲಿ ಹೋದರೆ ಒಂದೇ ಒಂದು. ಆಟದ ವಿಚಾರವಾಗಿ ಇಂದು ಇಷ್ಟು ತಿಳಿದರೆ ಸಾಕು. ನಾನು ಹೇಳಹೊರಟಿರುವುದು ಆಡಿದವರ ಮಾತನ್ನಲ್ಲ. ನೋಡಿದವರ, ಅವರಲ್ಲಿಯೂ ಸೋತ ಪಕ್ಷದ ಕಡೆ ಕುಳಿತು ನೋಡಿದವರ ಮಾತನ್ನು.

1970ರ ಸೆಪ್ಟೆಂಬರ್ 26ರಂದು, ಈ ಆಟದ ಲೀಗಿನಲ್ಲಿ ವರ್ಷದ ಪ್ರಶಸ್ತಿಯನ್ನು ನಿರ್ಣಯಿಸುವ ಗ್ರ್ಯಾಂಡ್ ಫೈನಲ್ ಪಂದ್ಯವನ್ನು ನೋಡಲು ಆ ಮೈದಾನದಲ್ಲಿ ನೆರೆದ ಜನ 1,21,696. ಈ ಆಟಕ್ಕೆ ಅಷ್ಟು ಜನ ಅದಕ್ಕೆ ಮುಂಚೆ ಎಂದೂ ಸೇರಿದ್ದಿಲ್ಲ, ಆಮೇಲೆಯೂ ಸೇರಿಲ್ಲ. ಎದುರಾದವರು ಕಾಲಿಂಗ್‌ವುಡ್ ಮತ್ತು ಕಾರ್ಲ್‌ಟನ್, ಒಂದೇ ನಗರದ ನೆರೆಹೊರೆಯ ಎರಡು ಬಡಾವಣೆಗಳ ತಂಡಗಳು. ಯಾರಾ ನದಿಯ ಬಳಿ, ಚರ್ಮ ಹದಮಾಡುವ, ಬೂಟು ಹೊಲಿಯುವ ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದ ಕೂಲಿಕಾರರ ಬಡಾವಣೆ ಕಾಲಿಂಗ್‌ವುಡ್. ಅದರ ಕಪ್ಪುಬಿಳಿಯ ಪಟ್ಟೆಯಂಗಿ ಧರಿಸಿದವರು 1927ರಿಂದ 1930ರವರೆಗೆ ಸತತವಾಗಿ ನಾಲ್ಕು ವರ್ಷ ಪ್ರಶಸ್ತಿಯನ್ನು ಗೆದ್ದು, ಆ ಲೀಗಿನ ಬೇರಾವ ತಂಡಕ್ಕೂ ಇಂದಿನವರೆಗೆ ಸಾಧ್ಯವಾಗದುದನ್ನು ಸಾಧಿಸಿದ್ದರು. ಆರ್ಥಿಕ ಮುಗ್ಗಟ್ಟು ಕವಿಯತೊಡಗಿದ್ದ ಕಾಲದಲ್ಲಿ, ಶನಿವಾರದ ಜಯವೊಂದನ್ನು ಬಿಟ್ಟರೆ ಹೆಮ್ಮೆಪಡುವುದಕ್ಕೆ ಬೇರೇನೂ ಉಳಿದಿರದ ಮನೆಗಳಲ್ಲಿ, ಆ ಪಟ್ಟೆಯಂಗಿಯ ಮೇಲಿನ ಪ್ರೀತಿ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಪಿತ್ರಾರ್ಜಿತವಾಗಿ ಬಂದಿತು.

ಅಂದು ಆಟದ ನಡುವಿನ ವಿರಾಮಕ್ಕೆ ಕಾಲಿಂಗ್‌ವುಡ್ಡಿನ ಅಂಕ 73, ಕಾರ್ಲ್‌ಟನ್ನಿನದು 29. ನಲವತ್ತನಾಲ್ಕು ಅಂಕಗಳ ಅಂತರವೆಂದರೆ ಏಳು ಗೋಲಿಗೂ ಹೆಚ್ಚು. ಅಷ್ಟನ್ನು ಗ್ರ್ಯಾಂಡ್ ಫೈನಲಿನಲ್ಲಿ ತುಂಬಿಕೊಂಡವರು ಯಾರೂ ಇರಲಿಲ್ಲ. ಆ ವರ್ಷ 143 ಗೋಲುಗಳನ್ನು ಹೊಡೆದ ಪೀಟರ್ ಮೆಕೆನ್ನಾ ಕಾಲಿಂಗ್‌ವುಡ್ಡಿನ ಪಕ್ಷದಲ್ಲಿದ್ದ. ಆ ವಿರಾಮದ ಹೊತ್ತಿನಲ್ಲಿ ಕಪ್ಪುಬಿಳಿಯ ಅಭಿಮಾನಿಗಳ ಮನಸ್ಸಿನಲ್ಲಿ ಪ್ರಶಸ್ತಿ ಆಗಲೇ ಮನೆಗೆ ಬಂದು ಕುಳಿತಿದ್ದರೆ ಅದು ತಪ್ಪೆಂದು ಯಾರು ತಾನೆ ಹೇಳಿಯಾರು? ಆದರೆ ಕಾರ್ಲ್‌ಟನ್ನಿನ ಗುರು ರಾನ್ ಬರಾಸಿ, ಚೆಂಡನ್ನು ದೂರ ಒದೆಯುವ ಗೊಡವೆ ಬಿಟ್ಟು, ಕೈಯಿಂದ ಗುದ್ದಿ ಹತ್ತಿರದವನಿಗೆ ದಾಟಿಸಿ ಓಡುತ್ತಲೇ ಇರಿ ಎಂದು ತನ್ನವರಿಗೆ ಆಜ್ಞಾಪಿಸಿದ. ಅಲ್ಲಿಯವರೆಗೆ ಬದಲಿ ಆಟಗಾರನಾಗಿ ಹೊರಗೆ ಕುಳಿತಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣಾಳನ್ನು ಒಳಗೆ ಬಿಟ್ಟ. ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದಾಗ ಅಂತರ ಹದಿನೇಳಕ್ಕೆ ಇಳಿದಿತ್ತು. ಕೊನೆಯ ಸೈರನ್ ಮೊಳಗಿದಾಗ ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು. ಮೊದಲಿನಿಂದ ಕೊನೆಯವರೆಗೂ ಹಿಂದೆಬಿದ್ದು ಸೋತವನ ದುಃಖಕ್ಕೂ, ಗೆದ್ದೆನೆಂದೇ ಭಾವಿಸಿ ಸೋತವನ ದುಃಖಕ್ಕೂ ಬಹಳ ಅಂತರವುಂಟು. ಮೊದಲನೆಯವನು ಪಡೆಯದುದಕ್ಕಾಗಿ ಕೊರಗುತ್ತಾನೆ, ಎರಡನೆಯವನು ಕಳೆದುಕೊಂಡುದಕ್ಕಾಗಿ. ಆ ಕಳೆದುಕೊಂಡದ್ದು ನಿಜವಾಗಿ ಅವನ ಕೈಯಲ್ಲಿ ಒಂದು ಕ್ಷಣವೂ ಇರಲಿಲ್ಲವೆಂಬ ಸಮಾಧಾನದ ಮಾತನ್ನು ನಾವು ಎಷ್ಟು ಯುಕ್ತಿಯುಕ್ತವಾಗಿ ಹೇಳಿದರೂ, ಆ ಗಳಿಗೆಯಲ್ಲಿ ಅದು ಅವನ ಕಿವಿಗೆ ಹೊಗುವುದಿಲ್ಲ. ಅದರ ಮೇಲೆ, ಆ ಪಂದ್ಯದಲ್ಲಿ ಕಾರ್ಲ್‌ಟನ್ನಿನ ಅಲೆಕ್ಸ್ ಜೆಸಾಲೆಂಕೊ ಎದುರಾಳಿಯೊಬ್ಬನ ಬೆನ್ನ ಮೇಲಕ್ಕೇ ನೆಗೆದು ಗಗನದಲ್ಲಿ ಚೆಂಡು ಹಿಡಿದ ದೃಶ್ಯವು ಈ ಆಟದ ಅತಿಸುಂದರ ಚಿತ್ರವೆಂದು ಇಂದಿಗೂ ಮತ್ತೆ ಮತ್ತೆ ಅಚ್ಚಾಗುತ್ತದೆ. ಕಾಲಿಂಗ್‌ವುಡ್ಡಿನ ವೃದ್ಧ ಅಭಿಮಾನಿಗೆ ಐವತ್ತು ವರ್ಷಗಳಾದರೂ ಮರೆಯುವ ಅವಕಾಶವಿಲ್ಲ.

ಈ ಆಟದ ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಯೂರೋಪಿನ ಕಾಲ್ಚೆಂಡಿನಲ್ಲಿ ಎರಡು ಪಕ್ಷದ ಅಭಿಮಾನಿಗಳನ್ನು ಬೇಲಿ ಕಟ್ಟಿ, ಪೋಲೀಸರನ್ನು ನಿಲ್ಲಿಸಿ ಬೇರೆ ಬೇರೆ ಕೂರಿಸುವುದು ವಾಡಿಕೆ. ಮೆಲ್ಬೋರ್ನಿನಲ್ಲಿ ಹಾಗಿಲ್ಲ, ಅಲ್ಲಿ ಪಕ್ಷ ವಿಪಕ್ಷದವರು ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ, ಒಂದೇ ಮನೆಯಲ್ಲಿ ಗಂಡ ಒಂದು ಬಣ್ಣವನ್ನೂ ಹೆಂಡತಿ ಇನ್ನೊಂದು ಬಣ್ಣವನ್ನೂ ಕೊರಳಿಗೆ ಸುತ್ತಿಕೊಂಡು ಬರುವುದುಂಟು. ಪಂದ್ಯ ಮುಗಿದೊಡನೆ ಗೆದ್ದ ತಂಡದ ಹಾಡು ಮೈದಾನದ ತುಂಬ ಮೊಳಗುತ್ತದೆ. ಆದಕಾರಣ ಸೋತವನಿಗೆ ಏಕಾಂತವೆಂಬುದಿಲ್ಲ. ಅವನ ದುಃಖದ ಪಕ್ಕದ ಆಸನದಲ್ಲಿಯೇ ಇನ್ನೊಬ್ಬನ ಆನಂದ ಎದ್ದು ನಿಂತು ಹಾಡುತ್ತಿರುತ್ತದೆ. ಇದನ್ನು ಸಹಿಸಿಕೊಂಡು, ಹಾಡುವವನಿಗೆ ದಾರಿ ಬಿಟ್ಟು, ಟ್ರಾಮಿನಲ್ಲಿ ಅವನ ಎದುರೇ ಕುಳಿತು ಮನೆಗೆ ಮರಳುವ ಸಾವಿರಾರು ಸಾಮಾನ್ಯ ಜನರ ಸಂಸ್ಕಾರವನ್ನು ನಾನು ಸಣ್ಣದೆಂದು ಎಣಿಸಲಾರೆ.

ಆದರೆ ಎಲ್ಲರೂ ಹಾಗೆ ಮರಳುವುದಿಲ್ಲ. ಅಭಿಮಾನಿಯ ವ್ಯಥೆಯಲ್ಲಿ ಒಂದು ವಿಚಿತ್ರವಾದ ಅಸಹಾಯಕತೆಯಿದೆ. ಆಟಗಾರನು ಸೋತರೆ ಮುಂದಿನ ವಾರ ಇನ್ನಷ್ಟು ವೇಗವಾಗಿ ಓಡಿಯಾನು, ಗುರುವು ವ್ಯೂಹವನ್ನು ಬದಲಿಸಿಯಾನು. ನೋಡುವವನಿಗೆ ಮಾಡುವುದಕ್ಕೆ ಏನೂ ಇಲ್ಲ, ತಾನು ಮಾಡದ ತಪ್ಪಿನ ಫಲವನ್ನು ಅವನು ಪೂರ್ಣವಾಗಿ ಉಣ್ಣಬೇಕು. ಕ್ರಿಯೆಗೆ ದಾರಿಯಿಲ್ಲದ ದುಃಖವು ಮಾತಿಗೆ ತಿರುಗುತ್ತದೆ, ಮಾತು ಗುರಿಯನ್ನು ಹುಡುಕುತ್ತದೆ. ಅಂಪೈರ್ ಕಣ್ಣಿದ್ದೂ ಕುರುಡ, ಗುರು ಅಯೋಗ್ಯ, ಚೆಂಡು ಕೈಬಿಟ್ಟ ಆ ಒಬ್ಬ ಹುಡುಗನೇ ಕುಲಘಾತಕ ಎಂದು ಹದಿನೆಂಟು ಜನರ, ಎರಡು ಗಂಟೆಗಳ ಸೋಲನ್ನು ಒಬ್ಬನ ಒಂದು ಗಳಿಗೆಯ ತಲೆಗೆ ಕಟ್ಟಿ ಹಗುರವಾಗುವ ಈ ಚಪಲ ಮನುಷ್ಯಸಹಜವೇ ಇರಬಹುದು, ನ್ಯಾಯವಂತೂ ಅಲ್ಲ.

ಅದು ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು 1993ರ ಏಪ್ರಿಲ್ 17ರಂದು ಅದೇ ಕಾಲಿಂಗ್‌ವುಡ್ಡಿನ ತವರಾದ ವಿಕ್ಟೋರಿಯಾ ಪಾರ್ಕ್ ಮೈದಾನ ತೋರಿಸಿತು. ಅಂದು ಸೇಂಟ್ ಕಿಲ್ಡಾ ತಂಡ ಅಲ್ಲಿಗೆ ಬಂದು ಗೆದ್ದಿತು. ಆ ಗೆಲುವಿಗೆ ಬಹುಮಟ್ಟಿಗೆ ಕಾರಣರಾದ ನಿಕಿ ವಿನ್ಮರ್ ಮತ್ತು ಗಿಲ್ಬರ್ಟ್ ಮೆಕಾಡಮ್ ಇಬ್ಬರೂ ಆಸ್ಟ್ರೇಲಿಯಾದ ಮೂಲನಿವಾಸಿಗಳು. ಬೇಲಿಯ ಆಚೆಯಿಂದ ಒಂದು ಗುಂಪು ಅವರ ಜನ್ಮವನ್ನೂ ಮೈಬಣ್ಣವನ್ನೂ ಹಿಡಿದು ನಿಂದಿಸಿತು. ಪಂದ್ಯ ಮುಗಿದ ಮೇಲೆ ವಿನ್ಮರ್ ಆ ಗುಂಪಿನ ಕಡೆಗೆ ತಿರುಗಿ, ತನ್ನ ಅಂಗಿಯನ್ನು ಮೇಲಕ್ಕೆತ್ತಿ, ಬೆರಳಿನಿಂದ ತನ್ನ ಕಪ್ಪು ಚರ್ಮವನ್ನು ತೋರಿಸಿ ನಿಂತ. ಆ ನಿಲುವಿನ ಛಾಯಾಚಿತ್ರ ದೇಶದ ಮನಸ್ಸಾಕ್ಷಿಯನ್ನು ಕಲಕಿತು. ಇನ್ನೊಬ್ಬ ಮೂಲನಿವಾಸಿ ಆಟಗಾರ ಮೈಕಲ್ ಲಾಂಗ್ 1995ರಲ್ಲಿ, ತನ್ನನ್ನು ನಿಂದಿಸಿದ ಎದುರಾಳಿಯ ವಿಷಯದಲ್ಲಿ ಸುಮ್ಮನಿರಲು ಒಪ್ಪದೆ ಹೋದಾಗ, ಜನಾಂಗನಿಂದೆಯನ್ನು ನಿಷೇಧಿಸುವ ನಿಯಮವನ್ನು ಲೀಗ್ ಅದೇ ವರ್ಷ ಜಾರಿಗೆ ತಂದಿತು. ನನ್ನ ತಂಡದ ಮೇಲಿನ ಪ್ರೀತಿ ಹೀಗೆ ಆಡಿಸಿತು ಎಂದು ಆ ಬೇಲಿಯ ಬಳಿ ನಿಂತವನು ಹೇಳಿಕೊಂಡರೆ ಅದನ್ನು ಒಪ್ಪಲಾಗದು. ಸೋಲು ಅವನ ಬಾಯನ್ನು ತೆರೆಸಿತೇ ಹೊರತು, ಒಳಗಿದ್ದುದನ್ನು ಅದು ಇಟ್ಟದ್ದಲ್ಲ.

ಕಾಲಿಂಗ್‌ವುಡ್ಡಿನ ಬಹುಸಂಖ್ಯಾತ ಅಭಿಮಾನಿಗಳು ಆ ಗುಂಪಿನವರಲ್ಲ ಎಂಬುದನ್ನೂ ಒತ್ತಿ ಹೇಳಬೇಕು. 1958ರಲ್ಲಿ ಪ್ರಶಸ್ತಿ ಗೆದ್ದ ಆ ತಂಡವು 1990ರಲ್ಲಿ ಮತ್ತೆ ಗೆಲ್ಲುವುದರೊಳಗೆ ಎಂಟು ಗ್ರ್ಯಾಂಡ್ ಫೈನಲುಗಳನ್ನು ಸೋತಿತು. 1964ರಲ್ಲಿ ನಾಲ್ಕು ಅಂಕದಿಂದ, 1966ರಲ್ಲಿ ಒಂದೇ ಒಂದು ಅಂಕದಿಂದ, 1979ರಲ್ಲಿ ಐದರಿಂದ. ಮೂವತ್ತೆರಡು ವರ್ಷಗಳೆಂದರೆ ಮಗುವಾಗಿ ತಂದೆಯ ಹೆಗಲ ಮೇಲೆ ಕುಳಿತು ಬಂದವನು ತನ್ನ ಮಗುವನ್ನು ಹೆಗಲ ಮೇಲೆ ಹೊತ್ತು ತರುವಷ್ಟು ಕಾಲ. ಆ ಕಾಲದುದ್ದಕ್ಕೂ ಅವರು ಬಂದರು. ಅವರ ನಿಷ್ಠೆಗೆ ಪ್ರತಿಫಲ ಸಿಕ್ಕಿತೆಂದು 1990ನ್ನು ತೋರಿಸುವವರಿದ್ದಾರೆ. ನನಗೆ ಆ ಲೆಕ್ಕಾಚಾರ ರುಚಿಸುವುದಿಲ್ಲ. ಗೆಲುವು ಬಾರದಿದ್ದರೂ ಅವರು ಬರುತ್ತಿದ್ದರು, ಮತ್ತು ಸೋತಾಗ ಅಷ್ಟೇ ನೋಯುತ್ತಿದ್ದರು.

ಏಕೆಂದರೆ ಸೋಲಿನ ನೋವು ತನ್ನದೆಂಬ ತಂಡವೊಂದಿರುವವನಿಗೆ ಮಾತ್ರ ಉಂಟು. ಇದನ್ನು ಮೆಲ್ಬೋರ್ನಿನಲ್ಲಿ ಫಿಟ್ಜ್‌ರಾಯ್ ತಂಡದ ಜನರಷ್ಟು ಬಲ್ಲವರಿಲ್ಲ. 1883ರಲ್ಲಿ ಹುಟ್ಟಿದ ಆ ತಂಡ ಲೀಗಿನ ಎಂಟು ಪ್ರಶಸ್ತಿಗಳನ್ನು ಗೆದ್ದಿತ್ತಾದರೂ ಕಡೆಯದು 1944ರಲ್ಲಿ. ಹಣವಿಲ್ಲದೆ, ತನ್ನದೆಂಬ ಮೈದಾನವಿಲ್ಲದೆ ಸೊರಗಿದ ಅದು 1996ರಲ್ಲಿ ಆಡಿದ ಇಪ್ಪತ್ತೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು. ಆ ವರ್ಷದ ಕೊನೆಗೆ ಅದನ್ನು ಬ್ರಿಸ್ಬೇನಿನ ತಂಡದೊಡನೆ ಸೇರಿಸುವುದೆಂದು ನಿಶ್ಚಯವಾಗಿತ್ತು. ಆಗಸ್ಟ್ 25ರಂದು ಮೆಲ್ಬೋರ್ನಿನಲ್ಲಿ ಅದರ ಕೊನೆಯ ಆಟ. ರಿಚ್ಮಂಡ್ ತಂಡದ ಎದುರು 151 ಅಂಕಗಳ ಸೋಲು. ಸೆಪ್ಟೆಂಬರ್ 1ರಂದು ಪರ್ತ್ ನಗರದಲ್ಲಿ ಫ್ರೀಮ್ಯಾಂಟಲ್ ಎದುರು 86 ಅಂಕಗಳ ಸೋಲು. ಆ ಲೀಗಿನಲ್ಲಿ ಅಲ್ಲಿಗೆ ಫಿಟ್ಜ್‌ರಾಯ್ ಮುಗಿಯಿತು. ಅಂಥ ಸೋಲುಗಳಿಗೆ ಯಾರ ಮೇಲೆ ಕೋಪಿಸಿಕೊಳ್ಳುವುದು? ಮುಂದಿನ ವಾರವೆಂಬುದೇ ಇಲ್ಲದವನು ಅಂಪೈರನ್ನು ಬಯ್ದು ಏನು ಮಾಡಿಯಾನು? ಕೆಲವರು ತಮ್ಮ ಸಿಂಹಲಾಂಛನವನ್ನೂ ಹಳೆಯ ಹಾಡಿನ ಧಾಟಿಯನ್ನೂ ಉಳಿಸಿಕೊಂಡ ಬ್ರಿಸ್ಬೇನ್ ಲಯನ್ಸ್ ತಂಡವನ್ನು ತಮ್ಮದೆಂದು ಸ್ವೀಕರಿಸಿ, ಅದು 2001ರಿಂದ ಮೂರು ವರ್ಷ ಸತತವಾಗಿ ಪ್ರಶಸ್ತಿ ಗೆದ್ದಾಗ ಸಂತೋಷಪಟ್ಟರು. ಇನ್ನು ಕೆಲವರಿಗೆ ದೂರದೂರಿನ ತಂಡದ ಆ ಗೆಲುವು ತಮ್ಮದೆನಿಸಲಿಲ್ಲ. ಅವರು ಆಟ ನೋಡುವುದನ್ನೇ ಬಿಟ್ಟರು.

2009ರಲ್ಲಿ ಫಿಟ್ಜ್‌ರಾಯ್ ಹೆಸರಿನ ಆ ಕ್ಲಬ್ಬು ಹವ್ಯಾಸಿಗಳ ಲೀಗಿನಲ್ಲಿ, ಸಂಬಳವಿಲ್ಲದೆ ಆಡುವ ಹುಡುಗರನ್ನು ಕಟ್ಟಿಕೊಂಡು, ತನ್ನ ಹಳೆಯ ತವರಾದ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನದಲ್ಲಿ ಮತ್ತೆ ಕಣಕ್ಕಿಳಿಯಿತು. ಅಲ್ಲಿ ಲಕ್ಷ ಜನ ಸೇರುವುದಿಲ್ಲ, ಪ್ರಶಸ್ತಿಯ ಮಾತನ್ನು ಪತ್ರಿಕೆಗಳು ದೊಡ್ಡದಾಗಿ ಬರೆಯುವುದೂ ಇಲ್ಲ. ಎಲ್ಲ ತಂಡಗಳಂತೆ ಅದು ಕೆಲವು ಶನಿವಾರ ಗೆಲ್ಲುತ್ತದೆ, ಕೆಲವು ಶನಿವಾರ ಸೋಲುತ್ತದೆ. ಸೋತ ದಿನ ಗೆರೆಯ ಬಳಿ ನಿಂತು ಇವತ್ತು ಹೀಗೇಕೆ ಆಡಿದಿರೆಂದು ಗದರುವ ಹಕ್ಕು ಫಿಟ್ಜ್‌ರಾಯ್ ಜನರಿಗೆ ಮತ್ತೆ ದೊರಕಿದೆ.