ಭಾಗವತರ ಪದ್ಯ, ಅರ್ಥಧಾರಿಯ ಮಾತು
(ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಕಥೆಯನ್ನು ನಿರೂಪಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುವೆವೆಂದು ಹೇಳುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ನಮ್ಮ ತರುಣರಲ್ಲಿ ಕೆಲವರು ಇದನ್ನು ಬಲ್ಲರು. ನಿರೂಪಕ ಎಷ್ಟು ಹೇಳಬೇಕು, ಆಟಗಾರನ ಆಯ್ಕೆಗೆ ಎಷ್ಟು ಬಿಡಬೇಕು ಎಂಬುದು ಆ ಆಟದಲ್ಲಿ ಮುಗಿಯದ ತಕರಾರು. ನಮ್ಮ ತಾಳಮದ್ದಳೆಯಲ್ಲಿ ಇದಕ್ಕೊಂದು ಉತ್ತರವಿದೆ.

ಕರಾವಳಿಯ ಮತ್ತು ಕಾಸರಗೋಡಿನ ಬಂಧುಗಳಿಗೆ ವಿವರಣೆ ಬೇಡ. ಉತ್ತರ ಕರ್ನಾಟಕದವರಿಗಾಗಿ ಎರಡು ಮಾತು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿ ಕುಳಿತಲ್ಲಿಯೇ ಆ ಪದ್ಯಕ್ಕೆ ಆಶುವಾಗಿ ಮಾತು ಕಟ್ಟುತ್ತಾನೆ. ಬರೆದುಕೊಟ್ಟ ಸಂಭಾಷಣೆ ಇಲ್ಲ.

ವಾಲಿವಧೆಯನ್ನೇ ನೋಡಿ. ವಾಲಿ ಸಾಯಲೇಬೇಕು, ಅದನ್ನು ಯಾವ ಅರ್ಥಧಾರಿಯೂ ತಪ್ಪಿಸಲಾರ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದ ವಾಲಿ ಕೇಳುವಾಗ ರಾಮನಾದವನು ಅಲ್ಲಿಯೇ, ಆಗಲೇ ಉತ್ತರ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತರೆ ಎದುರಿನ ರಾಮನಿಗೆ ಅದು ಸುಲಭವಾಗಿರಲಿಲ್ಲ. ಕಥೆಯಲ್ಲಿ ಗೆಲ್ಲುವವನು ರಾಮ. ಸಭೆ ಯಾರ ಮಾತನ್ನು ಮನೆಗೆ ಒಯ್ಯುತ್ತದೆಂಬುದು ಆ ರಾತ್ರಿಯವರೆಗೆ ಅನಿಶ್ಚಿತ. ಆಯ್ಕೆಯೆಂದರೆ ಅಂತ್ಯವನ್ನು ಬದಲಿಸುವುದೊಂದೇ ಅಲ್ಲವೆಂಬುದು ಇಲ್ಲಿ ತಿಳಿಯುತ್ತದೆ.

ಭಾಗವತರ ಅಧಿಕಾರವೂ ಕಡಿಮೆಯದಲ್ಲ. ಯಾವ ಪದ್ಯ ಹಾಡಬೇಕು, ಯಾವುದನ್ನು ಬಿಡಬೇಕು, ವಾದ ಎಲ್ಲಿ ನಿಲ್ಲಬೇಕು ಎಂಬುದು ಅವರ ಕೈಯಲ್ಲಿ. ಮುಂದಿನ ಪದ್ಯ ಎತ್ತಿದರೆ ಎಂಥ ವಾಗ್ಮಿಯೂ ಸುಮ್ಮನಾಗಬೇಕು. ಮಾತು ಕಾವೇರುವ ಮೊದಲೇ ಎತ್ತಿದರೆ ಅರ್ಥಧಾರಿ ಬರಿಯ ಅನುವಾದಕನಾಗುತ್ತಾನೆ. ಎತ್ತದೇ ಇದ್ದರೆ ಪ್ರಸಂಗ ಪಾಂಡಿತ್ಯದ ಕುಸ್ತಿಯಾಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನ ಕೇಡು. ಎದುರಾಳಿಗೆ ಎಡೆ ಕೊಡದವನು ಎಷ್ಟು ಓದಿದ್ದರೇನು?

ಸಂಭಾಜಿನಗರದ ಬಂಧುಗಳು ತಮ್ಮ ನೆರೆಯ ವೇರೂಳಿನ ಕೈಲಾಸನಾಥ ದೇವಾಲಯವನ್ನು ಹಲವು ಬಾರಿ ಕಂಡವರು. ನಮ್ಮ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಆ ಗುಡಿಯ ದಕ್ಷಿಣದ ಗೋಡೆಯಲ್ಲಿ ರಾಮಾಯಣ ಕಲ್ಲಾಗಿ ನಿಂತಿದೆ. ಅದು ಅದ್ಭುತ, ಆದರೆ ಅಲ್ಲಿ ಯಾರೂ ಎದುರುತ್ತರ ಕೊಡಲಾರರು. ನಮ್ಮ ರಾಜ್ಯೋತ್ಸವದ ನಾಟಕಗಳಲ್ಲಿ ಮಕ್ಕಳ ಬಾಯಲ್ಲಿ ಬರುವ ಕನ್ನಡವೂ ಬಹುಮಟ್ಟಿಗೆ ಹೀಗೆಯೇ: ಹಿರಿಯರು ಬರೆದದ್ದು, ದೇವನಾಗರಿಯಲ್ಲಿ ಗುರುತು ಮಾಡಿಕೊಂಡು ಬಾಯಿಪಾಠ ಮಾಡಿದ್ದು. ಮರುದಿನ ಅದು ಮರೆತುಹೋಗುತ್ತದೆ.

ಆದ್ದರಿಂದ ಒಂದು ಸೂಚನೆ. ಪಾರ್ತಿಸುಬ್ಬನದೆಂದು ಪರಂಪರೆ ಹೇಳುವ ‘ಪಂಚವಟಿ’ ಪ್ರಸಂಗವನ್ನು ಇಲ್ಲಿ, ಗೋದಾವರಿಯ ದಡದ ಈ ಪಂಚವಟಿಯ ಊರಿನಲ್ಲಿಯೇ ಮಕ್ಕಳಿಂದ ಮಾಡಿಸೋಣ. ಪದ್ಯ ಹಾಡಲು ಬಲ್ಲವರೊಬ್ಬರು ಸಾಕು. ಶೂರ್ಪನಖಿಯಾದ ಹುಡುಗಿ ‘ನಾನು ಮಾಡಿದ ತಪ್ಪೇನು’ ಎಂದು ತನ್ನ ಮಾತಿನಲ್ಲಿ ಕೇಳಲಿ. ಲಕ್ಷ್ಮಣನಾದ ಹುಡುಗ ತಡವರಿಸಲಿ, ನಡುವೆ ಮರಾಠಿ ನುಸುಳಲಿ. ಮುಂದಿನ ಸಾಲಿನಲ್ಲಿ ಕುಳಿತ ನಾವು ಹಿರಿಯರು ಅವನಿಗೆ ಪದ ಹೇಳಿಕೊಡದೆ ಕಾಯಬೇಕು. ಭಾಗವತರೂ ಅಷ್ಟು ಹೊತ್ತು ಮುಂದಿನ ಪದ್ಯ ಎತ್ತದಿರಲಿ.