ಮೇದೋಜೀರಕ ಮತ್ತು ಡಾಕ್ಟರ್ ವಿಪ್ಪಲ್

ನಮ್ಮ ಶಾಲೆಯಲ್ಲಿ ಹಿಂದೆ ಡ್ರಾಯಿಂಗ್ ಮೇಷ್ಟರೊಬ್ಬರಿದ್ದರು. ಕಟ್ಟುಮಸ್ತಾದ ಆಳು, ಕಾಯಿಲೆಯೆಂದು ಒಂದು ದಿನ ರಜ ಹಾಕಿದವರಲ್ಲ. ಒಂದು ಬೇಸಗೆಯಲ್ಲಿ ಅವರ ಕಣ್ಣಿನ ಬಿಳಿಯ ಭಾಗ ಅರಿಶಿನದ ಬಣ್ಣಕ್ಕೆ ತಿರುಗಿತು. ನೋವಿಲ್ಲ, ಜ್ವರವಿಲ್ಲ, ಮೈಯೆಲ್ಲ ತುರಿಕೆ, ಅಷ್ಟೇ. ‘ಕಾಮಾಲೆ’ ಎಂದರು ಎಲ್ಲರೂ. ನಾನೂ ಹಾಗೆಯೇ ಎಂದೆ. ತೋಳಿಗೆ ಬರೆ ಹಾಕಿಸಿದ್ದಾಯಿತು, ಬೇರು ಅರೆದು ಕುಡಿಸಿದ್ದಾಯಿತು, ಎಣ್ಣೆ ತುಪ್ಪ ಬಿಡಿಸಿ ಗಂಜಿಯ ಪಥ್ಯ ಮಾಡಿಸಿದ್ದಾಯಿತು. ಮೂರು ತಿಂಗಳು ಹೀಗೆ ಕಳೆದ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಕೇಳಿದ ಮೊದಲ ಮಾತು, “ಇಷ್ಟು ದಿನ ಏಕೆ ಕಾದಿರಿ?” ಎಂದು. ಕಾಯಿಲೆ ಯಕೃತ್ತಿನದಾಗಿರಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಬೆಳೆದ ಕ್ಯಾನ್ಸರ್ ಗಂತಿಯದು. ಅದನ್ನು ಕತ್ತರಿಸಿ ತೆಗೆಯುವ ಕಾಲ ಮೀರಿಹೋಗಿತ್ತು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ, ಕನ್ನಡ ಪಂಡಿತ. ಆದರೂ ಆ ಮಾತು ಮನಸ್ಸನ್ನು ಕೊರೆಯುತ್ತಿದ್ದುದರಿಂದ ಆ ಗ್ರಂಥಿಯ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಅಷ್ಟಿಷ್ಟು ತಿಳಿದುಕೊಂಡೆ. ಹಾಗೆ ತಿಳಿಯುವಾಗ ನನಗೆ ಪರಿಚಯವಾದ ಮಹನೀಯರು ಅಮೆರಿಕದ ಶಸ್ತ್ರವೈದ್ಯ ಡಾಕ್ಟರ್ ಆಲನ್ ವಿಪ್ಪಲ್. ಅವರ ಕೆಲಸವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಈ ಗ್ರಂಥಿ ಎಲ್ಲಿದೆ ಎಂಬುದನ್ನು ನೋಡೋಣ. ಜಠರದ ಹಿಂದೆ, ಬೆನ್ನೆಲುಬಿನ ಮುಂದೆ, ಅಡ್ಡಲಾಗಿ ಮಲಗಿರುವ ಅಂಗ ಇದು. ಉದ್ದ ಸುಮಾರು 15 ಸೆಂಟಿಮೀಟರು. ತೂಕ ನೂರು ಗ್ರಾಮಿನ ಆಸುಪಾಸು. ಎಲುಬಿಲ್ಲದ, ಎಲ್ಲವೂ ಮಾಂಸವೇ ಆದ ಅಂಗವೆಂದು ಗ್ರೀಕರು ಇದನ್ನು ‘ಪ್ಯಾಂಕ್ರಿಯಾಸ್’ ಎಂದು ಕರೆದರು. ‘ಪ್ಯಾನ್’ ಎಂದರೆ ಎಲ್ಲ, ‘ಕ್ರಿಯಾಸ್’ ಎಂದರೆ ಮಾಂಸ. ಇದಕ್ಕೆ ಎರಡು ಉದ್ಯೋಗಗಳು. ಉಂಡ ಅನ್ನ, ಬೇಳೆ, ತುಪ್ಪಗಳನ್ನು ಅರಗಿಸುವ ತೀಕ್ಷ್ಣವಾದ ರಸವನ್ನು ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಕರುಳಿಗೆ ಹರಿಸುವುದು ಒಂದು. ರಕ್ತದೊಳಗಿನ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಎಂಬ ದ್ರವ್ಯವನ್ನು ನೇರವಾಗಿ ರಕ್ತಕ್ಕೆ ಸೇರಿಸುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಮಾಡುವ ಕಣಗಳ ಗುಂಪುಗಳು ಗ್ರಂಥಿಯೊಳಗೆ ದ್ವೀಪಗಳಂತೆ ಹರಡಿಕೊಂಡಿವೆ. 1869ರಲ್ಲಿ ಅವುಗಳನ್ನು ಮೊದಲು ಗುರುತಿಸಿ ಬರೆದವನು ಪೌಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಇನ್ಸುಲಿನ್ ಕಡಮೆಯಾದರೆ ಮಧುಮೇಹ ಬರುತ್ತದೆಂಬುದನ್ನು ಇಂದು ಮನೆಮನೆಯಲ್ಲಿಯೂ ಬಲ್ಲರು. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನ್ನನ್ನು ಗ್ರಂಥಿಯಿಂದ ಬೇರ್ಪಡಿಸಿದ ಮೇಲೆ ಲಕ್ಷಾಂತರ ಜನರ ಪ್ರಾಣ ಉಳಿಯಿತು.

ಕಡಮೆಯಾದರೆ ಮಧುಮೇಹ, ಹೆಚ್ಚಾದರೆ ಏನು? ಇಲ್ಲಿಗೆ ಡಾಕ್ಟರ್ ವಿಪ್ಪಲ್ ಬರುತ್ತಾರೆ. ಅವರು 1881ರಲ್ಲಿ ಪರ್ಷಿಯಾ ದೇಶದ ಉರ್ಮಿಯಾದಲ್ಲಿ, ಅಮೆರಿಕದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾದರು. ಆ ಕಾಲದಲ್ಲಿ ಕೆಲವು ರೋಗಿಗಳು ಬೆಳಗಿನ ಉಪಾಹಾರಕ್ಕೆ ಮುಂಚೆ ತಲೆಸುತ್ತಿ ಬೀಳುವರು, ಬೆವರುವರು, ಕುಡಿದವರಂತೆ ತೊದಲುವರು. ಇವರಲ್ಲಿ ಕೆಲವರಿಗೆ ಮೂರ್ಛೆರೋಗವೆಂದೂ ಕೆಲವರಿಗೆ ಹುಚ್ಚೆಂದೂ ಹೆಸರು ಬೀಳುತ್ತಿತ್ತು. ನಿಜವಾದ ಕಾರಣವೆಂದರೆ, ಮೇದೋಜೀರಕದ ದ್ವೀಪಗಳಲ್ಲಿ ಎದ್ದ ಒಂದು ಸಣ್ಣ ಗಂತಿ, ಯಾರ ಅಂಕೆಗೂ ಸಿಕ್ಕದೆ ಇನ್ಸುಲಿನ್ನನ್ನು ಸುರಿಸುತ್ತಿತ್ತು. ರಕ್ತದಲ್ಲಿ ಸಕ್ಕರೆ ಇಳಿದುಹೋದಾಗ ಮಿದುಳಿಗೆ ಉಪವಾಸ. ಹಾಗೆಂದು ತಲೆಸುತ್ತು ಬಂದವರ ಹೊಟ್ಟೆಯನ್ನೆಲ್ಲ ಕೊಯ್ದು ನೋಡಲಾದೀತೆ? 1930ರ ದಶಕದಲ್ಲಿ ವಿಪ್ಪಲ್ ಅವರು ಮೂರು ಸೂತ್ರಗಳನ್ನು ಹಾಕಿಕೊಟ್ಟರು. ಉಪವಾಸವಿದ್ದಾಗ ಈ ಲಕ್ಷಣಗಳು ಕಾಣಿಸಬೇಕು. ಆ ಹೊತ್ತಿನಲ್ಲಿ ರಕ್ತದ ಸಕ್ಕರೆ ತೀರ ಕೆಳಗಿಳಿದಿರಬೇಕು. ಸಕ್ಕರೆ ಕೊಟ್ಟೊಡನೆ ಲಕ್ಷಣಗಳು ಮಾಯವಾಗಬೇಕು. ಮೂರೂ ಕೂಡಿದರೆ ಮಾತ್ರ ಕತ್ತಿ ಹಿಡಿಯತಕ್ಕದ್ದು. ವ್ಯಾಕರಣಸೂತ್ರದಷ್ಟು ಅಡಕವಾದ ಈ ನಿಯಮ ‘ವಿಪ್ಪಲ್ಲರ ತ್ರಿಕ’ವೆಂದು ಇಂದಿಗೂ ವೈದ್ಯವಿದ್ಯಾರ್ಥಿಗಳಿಗೆ ಪಾಠವಾಗಿದೆ.

ಇದಕ್ಕಿಂತ ಕಠಿನವಾದ ಸಮಸ್ಯೆ ಗ್ರಂಥಿಯ ತಲೆಭಾಗದ್ದು. ಜಠರ ಮುಗಿದು ಸಣ್ಣ ಕರುಳು ಆರಂಭವಾಗುವಲ್ಲಿ ಕರುಳು ಬಿಲ್ಲಿನಂತೆ ಬಾಗಿದೆ. ಆ ಬಾಗಿನೊಳಗೆ ಮೇದೋಜೀರಕದ ತಲೆ ಕುಳಿತಿದೆ. ಯಕೃತ್ತಿನಿಂದ ಇಳಿದು ಬರುವ ಪಿತ್ತರಸದ ನಾಳ ಈ ತಲೆಯ ಒಳಗಿನಿಂದಲೇ ಹಾದು ಕರುಳನ್ನು ಸೇರುತ್ತದೆ. ಅಲ್ಲಿ ಗಂತಿ ಬೆಳೆದರೆ ನಾಳ ಅಮುಕಿ ಹೋಗುತ್ತದೆ. ಕೆರೆಯ ತೂಬು ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರಿ ನಿಲ್ಲುವಂತೆ ಪಿತ್ತ ಹಿಂದಕ್ಕೆ ಏರಿ ರಕ್ತಕ್ಕೆ ಬೆರೆಯುತ್ತದೆ. ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ, ಮೂತ್ರ ಕಪ್ಪಿಡುತ್ತದೆ, ಕರುಳಿಗೆ ಪಿತ್ತ ಇಳಿಯದ್ದರಿಂದ ಮಲ ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ. ನಮ್ಮ ಮೇಷ್ಟರಿಗೆ ಆದದ್ದು ಇದೇ.

ಇಂಥ ಗಂತಿಯನ್ನು ತೆಗೆಯಬೇಕಾದರೆ ಗ್ರಂಥಿಯ ತಲೆ, ಕರುಳಿನ ಬಾಗು, ಪಿತ್ತನಾಳದ ತುದಿ, ಇಷ್ಟನ್ನೂ ಒಟ್ಟಿಗೆ ತೆಗೆದು, ಉಳಿದ ಕೊನೆಗಳನ್ನು ಮತ್ತೆ ಕರುಳಿಗೆ ಜೋಡಿಸಬೇಕು. ಬರ್ಲಿನ್ನಿನಲ್ಲಿ ಕೌಶ್ ಎಂಬ ವೈದ್ಯರು 1909ರಲ್ಲಿ ಇದನ್ನು ಮಾಡಿದ್ದರು. ಆದರೆ ಆ ದಾರಿಯಲ್ಲಿ ನಡೆದವರು ಕಡಮೆ. ವಿಪ್ಪಲ್ ಮತ್ತು ಅವರ ಸಂಗಡಿಗರಾದ ಪಾರ್ಸನ್ಸ್, ಮುಲಿನ್ಸ್ ಇಬ್ಬರೂ ಈ ಕೆಲಸಕ್ಕೆ ಕೈಹಾಕಿ 1935ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರ ಮೊದಲನೆಯ ರೋಗಿ ಉಳಿಯಲಿಲ್ಲ. ಕಾರಣವನ್ನು ಕೇಳಿದರೆ ತಮಗೆ ಆಶ್ಚರ್ಯವಾದೀತು. ಹೊಲಿಗೆಗೆ ಬಳಸಿದ್ದು ಕ್ಯಾಟ್‌ಗಟ್ ಎಂಬ ದಾರ. ಹೆಸರಿನಲ್ಲಿ ಬೆಕ್ಕಿದ್ದರೂ ಅದು ಕುರಿಯ ಕರುಳಿನಿಂದ ಆದದ್ದು. ಮಾಂಸವನ್ನು ಅರಗಿಸುವ ಮೇದೋಜೀರಕದ ರಸ ಆ ದಾರವನ್ನೂ ಅರಗಿಸಿಬಿಟ್ಟಿತು, ಹೊಲಿಗೆ ಬಿಚ್ಚಿಕೊಂಡಿತು. ವಿಪ್ಪಲ್ ಎದೆಗುಂದಲಿಲ್ಲ, ದೋಷ ಎಲ್ಲಿದೆಯೆಂದು ಹುಡುಕಿದರು. ಮುಂದಿನ ರೋಗಿಗಳಿಗೆ ರೇಷ್ಮೆಯ ದಾರದಿಂದ ಹೊಲಿದರು. ರೇಷ್ಮೆ ಆ ರಸಕ್ಕೆ ಜಗ್ಗಲಿಲ್ಲ.

ಇನ್ನೊಂದು ತೊಡಕಿತ್ತು. ಕಾಮಾಲೆಯವರ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಕೊಯ್ದರೆ ಸೋರುತ್ತಲೇ ಇರುತ್ತದೆ. ಆದ್ದರಿಂದ ವಿಪ್ಪಲ್ ಮೊದಲು ಪಿತ್ತಕ್ಕೆ ಬೇರೆ ದಾರಿ ಮಾಡಿ, ಕಾಮಾಲೆ ಇಳಿದ ಮೇಲೆ ಎರಡನೆಯ ಸಲ ಕೊಯ್ದು ಗಂತಿಯನ್ನು ತೆಗೆಯುತ್ತಿದ್ದರು. ಅಷ್ಟರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಎಂಬುವರು ರಕ್ತ ಹೆಪ್ಪುಗಟ್ಟಲು ಬೇಕಾದ ‘ಕೆ’ ವಿಟಮಿನ್ನನ್ನು ಕಂಡುಹಿಡಿದರು. ಕರುಳಿನಲ್ಲಿ ಪಿತ್ತವಿಲ್ಲದಿದ್ದರೆ ಈ ವಿಟಮಿನ್ ಮೈಗೆ ಹತ್ತದು. ರಕ್ತ ಸೋರುವುದರ ಗುಟ್ಟು ಇದು. ಅದನ್ನು ಔಷಧವಾಗಿ ಕೊಡತೊಡಗಿದ ಮೇಲೆ ಎರಡು ಸಲ ಕೊಯ್ಯುವ ಕಷ್ಟ ತಪ್ಪಿತು. 1940ರಲ್ಲಿ ವಿಪ್ಪಲ್ ಇಡೀ ಶಸ್ತ್ರಕ್ರಿಯೆಯನ್ನು ಒಂದೇ ಸಲಕ್ಕೆ ಮುಗಿಸಿದರು. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಈ ಶಸ್ತ್ರಕ್ರಿಯೆ ನಡೆದರೂ ಅದಕ್ಕೆ ಅವರದೇ ಹೆಸರು. ಅವರು ತಮ್ಮ ಜೀವಮಾನದಲ್ಲಿ ಮಾಡಿದ್ದು 37 ಮಾತ್ರ. 1963ರಲ್ಲಿ ತೀರಿಕೊಂಡರು. 1960ರ ದಶಕದಲ್ಲಿಯೂ ಈ ಶಸ್ತ್ರಕ್ರಿಯೆಯಾದ ನಾಲ್ವರಲ್ಲಿ ಒಬ್ಬರು ಸಾಯುವುದು ಅಪರೂಪವಾಗಿರಲಿಲ್ಲ; ಇದನ್ನು ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಇಂದು ಅದು ನೂರಕ್ಕೆ ಐದಕ್ಕಿಂತ ಕಡಮೆ.

ಇನ್ನು ಕ್ಯಾನ್ಸರಿಗೂ ಸಕ್ಕರೆಗೂ ಇರುವ ನಂಟಿನ ಮಾತು. ಕ್ಯಾನ್ಸರಿಗೆ ನಾವು ಏಡಿಗಂತಿ ಎನ್ನುತ್ತೇವೆ. ಗ್ರೀಕರೂ ಏಡಿಯ ಹೆಸರನ್ನೇ ಇಟ್ಟಿದ್ದರು. ಈ ಏಡಿ ಏನನ್ನು ತಿಂದು ಬೆಳೆಯುತ್ತದೆ? 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬುರ್ಗ್ ಎಂಬ ವಿಜ್ಞಾನಿ ಗಂತಿಯ ತೆಳುವಾದ ಚೂರುಗಳನ್ನು ಪರೀಕ್ಷಿಸಿ ಒಂದು ವಿಚಿತ್ರವನ್ನು ಕಂಡರು. ಆರೋಗ್ಯವಂತ ಕಣಗಳು ಆಮ್ಲಜನಕದ ಸಹಾಯದಿಂದ ಸಕ್ಕರೆಯನ್ನು ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುತ್ತವೆ. ಕ್ಯಾನ್ಸರಿನ ಕಣಗಳಾದರೋ ಆಮ್ಲಜನಕ ಬೇಕಾದಷ್ಟಿದ್ದರೂ ಸಕ್ಕರೆಯನ್ನು ಅರೆಬರೆ ಉರಿಸಿ, ಹುಳಿಯಾದ ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಚೆಲ್ಲುತ್ತವೆ. ಹೀಗೆ ದುಂದುಗಾರರಾದ್ದರಿಂದ ಅವಕ್ಕೆ ಸಕ್ಕರೆ ಬಹಳ ಬೇಕು. ಕಣದ ಉಸಿರಾಟವೇ ಕೆಟ್ಟಿರುವುದು ಇದಕ್ಕೆ ಕಾರಣವೆಂದು ವಾರ್ಬುರ್ಗ್ ಎಣಿಸಿದ್ದರು. ಅನೇಕ ಗಂತಿಗಳಲ್ಲಿ ಉಸಿರಾಟ ಚೆನ್ನಾಗಿಯೇ ಇದೆಯೆಂದೂ, ಹೊಸ ಕಣಗಳನ್ನು ಕಟ್ಟುವ ಸಾಮಗ್ರಿಗಾಗಿ ಅವು ಸಕ್ಕರೆಯನ್ನು ಬಾಚಿಕೊಳ್ಳುತ್ತವೆಂದೂ ಈಗ ತಿಳಿದಿದೆ. ಮೇದೋಜೀರಕದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಕೆಟ್ಟುಹೋಗಿರುವ ‘ಕೆ-ರಾಸ್’ ಎಂಬ ಜೀನು ಕಣಗಳನ್ನು ಈ ಹೊಟ್ಟೆಬಾಕತನಕ್ಕೆ ತಳ್ಳುತ್ತದೆ. ಈ ಹಸಿವೇ ವೈದ್ಯರಿಗೆ ಸುಳಿವೂ ಆಗಿದೆ. ವಿಕಿರಣ ಸೂಸುವ ಗುರುತನ್ನು ಅಂಟಿಸಿದ ಸಕ್ಕರೆಯಂಥ ದ್ರವ್ಯವನ್ನು ಸೂಜಿಯಿಂದ ಕೊಟ್ಟರೆ ಗಂತಿ ಅದನ್ನು ಆತುರದಿಂದ ನುಂಗಿ ಅರಗಿಸಲಾರದೆ ಉಳಿಸಿಕೊಳ್ಳುತ್ತದೆ. ‘ಪೆಟ್’ ಎಂಬ ಯಂತ್ರದ ಚಿತ್ರದಲ್ಲಿ ದೀಪದಂತೆ ಕಾಣುತ್ತದೆ.

ಹಾಗಾದರೆ ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುವುದಲ್ಲವೆ ಎಂದು ತಾವು ಕೇಳಬಹುದು. ಸಾಯುವುದಿಲ್ಲ. ನಾವು ಉಣ್ಣದಿದ್ದರೂ ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉಪವಾಸದಿಂದ ಸೊರಗುವವನು ರೋಗಿಯೇ ಹೊರತು ಗಂತಿಯಲ್ಲ. ಈ ರೋಗದಲ್ಲಿ ಮೊದಲೇ ಮೈ ಕರಗುತ್ತಿರುತ್ತದೆ; ಅರಗಿಸುವ ರಸ ಸಾಲದಿದ್ದರೆ ಅದನ್ನು ಗುಳಿಗೆಯ ರೂಪದಲ್ಲಿ ಊಟದೊಡನೆ ಕೊಡುವುದುಂಟು. ನಮ್ಮ ಮೇಷ್ಟರಿಗೆ ಬರಿಯ ಗಂಜಿ ಕುಡಿಸಿದ್ದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಈ ಕ್ಯಾನ್ಸರು ಬಹು ಕ್ರೂರವಾದದ್ದು. ಅಮೆರಿಕದ ಲೆಕ್ಕದಂತೆ ಐದು ವರ್ಷ ಬದುಕಿ ಉಳಿಯುವವರು ನೂರಕ್ಕೆ ಸುಮಾರು 13 ಮಂದಿ. ಐವರಲ್ಲಿ ನಾಲ್ವರು ವೈದ್ಯರ ಬಳಿಗೆ ಬರುವ ವೇಳೆಗೆ ಶಸ್ತ್ರಕ್ರಿಯೆಯ ಕಾಲ ಮೀರಿರುತ್ತದೆ. ಹೊಗೆಸೊಪ್ಪು ಇದಕ್ಕೆ ದೊಡ್ಡ ಕಾರಣಗಳಲ್ಲೊಂದು. ಬಿಟ್ಟವರಿಗೆ ಅಪಾಯ ಇಳಿಯುತ್ತ ಹೋಗುತ್ತದೆ. ಕಾಮಾಲೆಗಳೆಲ್ಲ ಕ್ಯಾನ್ಸರಲ್ಲ, ಹೆಚ್ಚಿನವು ಬೇರೆ ಕಾರಣದವು. ಆದರೆ ನಡುವಯಸ್ಸು ದಾಟಿದವರಿಗೆ ನೋವಿಲ್ಲದೆ ಕಾಮಾಲೆ ಬಂದು, ಮಲ ಬಿಳಿಚಿ, ಮೈ ತುರಿಸಿದರೆ, ಇಲ್ಲವೆ ಐವತ್ತು ದಾಟಿದ ಮೇಲೆ ಹೊಸದಾಗಿ ಮಧುಮೇಹ ಕಾಣಿಸಿಕೊಂಡು ಜೊತೆಗೆ ತೂಕವೂ ಇಳಿಯುತ್ತಿದ್ದರೆ, ತಡಮಾಡದೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು.

ಆ ಡಾಕ್ಟರು ಕೇಳಿದ ಪ್ರಶ್ನೆಗೆ ಈಗ ನಾನು ಕೊಡಬಲ್ಲ ಉತ್ತರ ಒಂದೇ: ನೋವಿಲ್ಲವೆಂದು ಕಾದೆವು. ನೋವಿಲ್ಲದಿದ್ದುದೇ ಎಚ್ಚರಿಕೆಯಾಗಿತ್ತು. ಮೇಷ್ಟರು ಕಡೆಯ ದಿನಗಳಲ್ಲಿ ನಮ್ಮ ಶಾಲೆಯ ಬೇವಿನ ಮರದ ಚಿತ್ರವೊಂದನ್ನು ಬರೆದುಕೊಟ್ಟರು. ಅದು ಇಂದಿಗೂ ಉಪಾಧ್ಯಾಯರ ಕೊಠಡಿಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ಆ ಮೂರು ತಿಂಗಳ ಲೆಕ್ಕ ನನಗೆ ನೆನಪಾಗುತ್ತದೆ. ತಮ್ಮ ಮನೆಯಲ್ಲಿ ಯಾರೂ ಅಂಥ ಲೆಕ್ಕ ಹಾಕುವಂತಾಗದಿರಲಿ.